ಮರಿ ಯಾರಿಗ್ ಕೊಟ್ಯೋ?

ಹಳೇ ಸಾಮಾನು ಮಾರುವ ಯಾವುದಾದರೂ ಆ್ಯಪ್ ತೆಗೆದು ‘ನಾಯಿಮರಿ’ ಅಂತ ಹುಡುಕಿ ನೋಡಿ. ಒಂದರ ಹಿಂದೆ ಒಂದು ಜಾಹೀರಾತು, ಎಲ್ಲದರಲ್ಲೂ ಒಂದೇ ಕಾರಣ: ‘ಊರು ಬಿಟ್ಟು ಹೋಗುತ್ತಿರುವುದರಿಂದ’. ಇಷ್ಟೊಂದು ಜನ ನಿಜವಾಗಲೂ ಬೆಂಗಳೂರು ಬಿಟ್ಟು ಹೋಗ್ತಿದ್ರೆ ಸಿಲ್ಕ್ ಬೋರ್ಡ್ ಜಂಕ್ಷನ್ ಇಷ್ಟೊತ್ತಿಗೆ ಖಾಲಿ ಹೊಡೀಬೇಕಿತ್ತಲ್ಲ ಸ್ವಾಮಿ?

ನಗಬೇಡಿ. ಅಂಥದ್ದೊಂದು ಜಾಹೀರಾತು ನಾನೂ ಬರೆದಿದ್ದೇನೆ. ‘ಲ್ಯಾಬ್ರಡಾರ್ ಹೆಣ್ಣು ಮರಿ, ಹನ್ನೊಂದು ವಾರ, ತುಂಬಾ ಮುದ್ದು, ಊರು ಬಿಡುತ್ತಿರುವುದರಿಂದ ತುರ್ತಾಗಿ ಕೊಡಬೇಕಾಗಿದೆ.’ ಇದರಲ್ಲಿ ತಳಿ ನಿಜ, ವಯಸ್ಸು ನಿಜ, ಮುದ್ದು ಅನ್ನೋದಂತೂ ನೂರಕ್ಕೆ ನೂರು ನಿಜ. ನಾನು ಮಾತ್ರ ಎಲ್ಲಿಗೂ ಹೋಗ್ತಿರಲಿಲ್ಲ. ಇವತ್ತಿಗೂ ಅದೇ ಮನೆ, ಅದೇ ಮೂರನೇ ಮಹಡಿ, ಅದೇ ಬಾಲ್ಕನಿ.

ಕಥೆ ಶುರುವಾಗಿದ್ದು ಸಿನಿಮಾದಿಂದ. 2003ರಲ್ಲಿ ಹಚ್ ಜಾಹೀರಾತು ಬಂದಾಗ ಪಗ್ ಮರಿ ಬೇಕು ಅಂತ ಹಟ ಹಿಡಿದವರನ್ನ ನೋಡಿ ನಕ್ಕವನು ನಾನು. 2022ರ ಜೂನ್‌ನಲ್ಲಿ ‘777 ಚಾರ್ಲಿ’ ಬಂತು. ಎಲ್ಲರ ಹಾಗೆ ನಾನೂ ಹೋದೆ, ಎಲ್ಲರ ಹಾಗೆ ನಾನೂ ಅತ್ತೆ. ಆ ಸಿನಿಮಾದಲ್ಲಿ ಚಾರ್ಲಿ ನಮ್ಮೆದುರಿಗೆ ಬರೋದೇ ಒಬ್ಬ ಕ್ರೂರ ಬ್ರೀಡರ್‌ನಿಂದ ತಪ್ಪಿಸಿಕೊಂಡು. ದುಡ್ಡಿಗೋಸ್ಕರ ಮರಿ ಹಾಕಿಸುವವರು ಏನೇನು ಮಾಡ್ತಾರೆ ಅಂತ ಬಿಡಿಸಿ ಹೇಳಿದ ಸಿನಿಮಾ ಅದು. ಅದನ್ನ ನೋಡಿ, ಅತ್ತು, ಕಣ್ಣು ಒರೆಸಿಕೊಂಡು, ಮಾಲ್‌ನ ಪಾರ್ಕಿಂಗ್‌ನಲ್ಲೇ ಮೊಬೈಲ್ ತೆಗೆದು ಬ್ರೀಡರ್ ನಂಬರ್ ಹುಡುಕಿದ ಜಾಣ ನಾನು.

ಹದಿನಾಲ್ಕು ಸಾವಿರ, ನಗದು, ಬಿಲ್ ಇಲ್ಲ. ‘ನಲವತ್ತೈದು ದಿನದ ಮರಿ ಸಾರ್’ ಅಂದರು. ನಾಯಿ ಸಾಕಿ ಮಾರುವವರ ಬಗ್ಗೆ 2017ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮ ಒಂದಿದೆ. ಅದರ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನ ಮಾರೋ ಹಾಗಿಲ್ಲ. ಎಂಟು ವಾರ ಅಂದ್ರೆ 56 ದಿನ. ನನಗೆ ಗುಣಾಕಾರ ಬರ್ತಿರಲಿಲ್ಲ ಅಂತಲ್ಲ, ಲೆಕ್ಕ ಹಾಕೋ ಮನಸ್ಸಿರಲಿಲ್ಲ. ಮೈಬಣ್ಣ ನೋಡಿ ‘ಗೋಧಿ’ ಅಂತ ಹೆಸರಿಟ್ಟು ಮನೆಗೆ ತಂದೆವು.

ಮೊದಲ ವಾರ ಫೋಟೊ. ಎರಡನೇ ವಾರ ನಿದ್ದೆ ಹೋಯ್ತು. ಮೂರನೇ ವಾರದಿಂದ ಆಫೀಸು. ವಾರಕ್ಕೆ ನಾಲ್ಕು ದಿನ ಇಬ್ಬರೂ ಬೆಳಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಬರೋದು ರಾತ್ರಿ ಏಳೂವರೆಗೆ. ಆ ವಯಸ್ಸಿನ ಮರಿ ಮೂರ್ನಾಲ್ಕು ಗಂಟೆಗಿಂತ ಹೆಚ್ಚು ಒಂದ ತಡೆದುಕೊಳ್ಳಲ್ಲ. ದಿನಕ್ಕೆ ಹತ್ತು ಗಂಟೆ ಒಂಟಿಯಾಗಿ, ತನ್ನ ಉಚ್ಚೆಯ ಪಕ್ಕದಲ್ಲೇ ಕೂತು, ಬಾಗಿಲು ಕೆರೀತಾ ಅಳ್ತಿತ್ತು ಅಂತ ಪಕ್ಕದ ಮನೆ ಆಂಟಿ ಹೇಳಿದಾಗ, ಅವರು ದೂರು ಕೊಡ್ತಿದ್ದಾರೆ ಅಂದುಕೊಂಡೆ. ಆಮೇಲೆ ಅವರ ಮುಖ ನೋಡಿದೆ. ದೂರಲ್ಲ, ಸಂಕಟ.

ಒಂದು ತಿಂಗಳಾಗುವ ಹೊತ್ತಿಗೆ ಅರ್ಥ ಆಯ್ತು. ಹಲ್ಲು ಕಡಿಯೋದು, ಕಾರ್ಪೆಟ್ ಹಾಳು ಮಾಡೋದು ಮರಿಯ ವಯಸ್ಸಿನ ಸಮಸ್ಯೆ, ಅದು ಹೋಗುತ್ತೆ. ನಮ್ಮದು ನಮ್ಮ ಬದುಕಿನ ಸಮಸ್ಯೆ, ಅದು ಹೋಗಲ್ಲ. ಲ್ಯಾಬ್ರಡಾರ್ ಹತ್ತು ಹನ್ನೆರಡು ವರ್ಷ ಬದುಕುತ್ತೆ. ಹತ್ತು ಹನ್ನೆರಡು ವರ್ಷ ಆ ಬಾಗಿಲ ಹಿಂದೆ? ಗೋಧಿಗೆ ಬೇರೆ ಮನೆ ಹುಡುಕಬೇಕು ಅಂತ ತೀರ್ಮಾನ ಮಾಡಿದೆವು. ಆ ತೀರ್ಮಾನ ಸರಿಯಾಗಿಯೇ ಇತ್ತು ಅಂತ ಇವತ್ತಿಗೂ ಹೇಳ್ತೀನಿ. ಹಾಳಾಗಿದ್ದು ಆಮೇಲೆ.

ಮೊದಲು ಬ್ರೀಡರ್‌ಗೆ ಫೋನ್ ಮಾಡಿದೆ. ‘ಮಾರಿದ್ ಮರಿ ವಾಪಸ್ ತಗೊಳಲ್ಲ ಸಾರ್. ಬೇಕಾದ್ರೆ ಜೊತೆಗೆ ಇನ್ನೊಂದು ಕೊಡ್ತೀನಿ, ಒಂದಕ್ಕೊಂದು ಕಂಪನಿ ಆಗತ್ತೆ, ರೇಟ್ ಕಮ್ಮಿ ಮಾಡ್ತೀನಿ’ ಅಂದರು.

ಆಮೇಲೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಸತ್ಯವನ್ನೇ ಬರೆದೆ. ನಮಗೆ ಟೈಮ್ ಕೊಡೋಕೆ ಆಗ್ತಿಲ್ಲ, ಒಳ್ಳೇ ಮನೆ ಇದ್ರೆ ಹೇಳಿ. ಹತ್ತು ನಿಮಿಷದಲ್ಲಿ ತೀರ್ಪು ಬಂತು. ‘ನಿಮ್ಮ ಮಗು ಆಗಿದ್ರೆ ಹೀಗೇ ಮಾರ್ತಿದ್ರಾ?’ ‘ಆಟದ ಗೊಂಬೆ ಅಂದ್ಕೊಂಡ್ರಾ?’ ‘ಇಂಥವರಿಗೆಲ್ಲ ನಾಯಿ ಯಾಕೆ?’ ಕೈ ಮುಗಿಯೋ ಎಮೋಜಿ, ಎದೆ ಒಡೆದ ಎಮೋಜಿ. ಇಷ್ಟು ಜನರಲ್ಲಿ ಒಬ್ಬರೂ ‘ನನಗೆ ಗೊತ್ತಿರೋ ಒಂದು ಮನೆ ಇದೆ, ಕೇಳಿ ನೋಡ್ಲಾ?’ ಅನ್ನಲಿಲ್ಲ.

ನಾಚಿಕೆಯಾಯ್ತು. ಮನುಷ್ಯನಿಗೆ ನಾಚಿಕೆಯಾದಾಗ ಏನು ಮಾಡ್ತಾನೆ? ಬೇಗ ಮುಗಿಸೋಕೆ ನೋಡ್ತಾನೆ. ಗುಂಪಿನಿಂದ ಮೆಸೇಜ್ ಅಳಿಸಿದೆ, ಆ್ಯಪ್‌ನಲ್ಲಿ ‘ಊರು ಬಿಡುತ್ತಿರುವುದರಿಂದ’ ಅಂತ ಸುಳ್ಳು ಹಾಕಿದೆ. ಒಂದೇ ಗಂಟೆಯಲ್ಲಿ ಫೋನ್ ಬಂತು. ಆತ ಕೇಳಿದ್ದು ಎರಡೇ ಪ್ರಶ್ನೆ. ‘ಹೆಣ್ಣು ತಾನೆ? ಪೇಪರ್ ಇದ್ಯಾ?’ ಪೇಪರ್ ಅಂದ್ರೆ ಕೆನಲ್ ಕ್ಲಬ್‌ನ ನೋಂದಣಿ ಪತ್ರ. ಇಲ್ಲ ಅಂದೆ. ‘ಹಾಗಾದ್ರೆ ಒಂಬತ್ತೇ. ಮಕ್ಕಳು ಕೇಳ್ತಿದ್ದಾರೆ, ಅದಕ್ಕೆ.’ ನಾನು ಆತನ ಮನೆ ಎಲ್ಲಿ ಅಂತ ಸರಿಯಾಗಿ ಕೇಳಲಿಲ್ಲ. ಶನಿವಾರ ರಾತ್ರಿ ನಾಯಂಡಹಳ್ಳಿ ಸಿಗ್ನಲ್ ಹತ್ತಿರ ಕಾರು ನಿಲ್ಲಿಸಿ ಗೋಧಿಯನ್ನ ಕೊಟ್ಟೆ. ಕಾರಲ್ಲಿ ಮಕ್ಕಳಿರಲಿಲ್ಲ. ಹಿಂದಿನ ಸೀಟಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇತ್ತು, ತೂತು ಕೊರೆದು ರೆಡಿ ಮಾಡಿದ್ದು. ಒಂಬತ್ತು ಸಾವಿರ ಎಣಿಸಿಕೊಂಡೆ. ಹತ್ತು ನಿಮಿಷದ ವ್ಯವಹಾರ.

ಮುಂದಿನ ವಾರ ‘ಹೇಗಿದ್ದಾಳೆ’ ಅಂತ ಕೇಳೋಣ ಅಂತ ಫೋನ್ ಮಾಡಿದರೆ ಸ್ವಿಚ್ ಆಫ್. ಅದರ ಮುಂದಿನ ವಾರವೂ.

ಆಗಲೇ ಊರಿಂದ ಅಪ್ಪನ ಫೋನ್ ಬಂತು. ನಮ್ಮದು ಚನ್ನರಾಯಪಟ್ಟಣ ಕಡೆ ಹಳ್ಳಿ. ‘ಮರಿ ಹೆಂಗೈತೆ?’ ಅಂದ್ರು. ಕೊಟ್ಟುಬಿಟ್ಟೆ ಅಂದೆ.

‘ಯಾರಿಗ್ ಕೊಟ್ಯೋ?’

‘ಯಾರೋ ನಾಗರಬಾವಿ ಕಡೆಯೋರಂತೆ.’

‘ಯಾರೋ ಅಂದ್ರೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪ ಬೈಯಲಿಲ್ಲ. ‘ಸರಿ ಬುಡು’ ಅಂತ ಫೋನಿಟ್ಟರು.

ನಮ್ಮಪ್ಪ ಪ್ರಾಣಿಗಳನ್ನ ತಬ್ಬಿಕೊಂಡು ಫೋಟೊ ತೆಗೆಸಿಕೊಂಡವರಲ್ಲ. ಹಸು, ಕಡಸು ಮಾರಿದ್ದಾರೆ. ಐನೂರು ರೂಪಾಯಿಗೆ ಒಂದು ಗಂಟೆ ಚೌಕಾಸಿ ಮಾಡಿದ್ದಾರೆ. ಆದರೆ ಯಾರಿಗೆ ಕೊಟ್ಟೆ ಅನ್ನೋದು ಅವರಿಗೆ ಗೊತ್ತಿರ್ತಿತ್ತು. ಯಾವೂರು, ಯಾರ ಮಗ, ಕೊಟ್ಟಿಗೆ ಇದೆಯಾ, ಮೇವಿಗೆ ಏನು ಮಾಡ್ಕೊಂಡಿದ್ದಾನೆ. ಹಸು ಮಾರಿದರೂ ಅದನ್ನ ಕಟ್ಟಿದ್ದ ಹಗ್ಗ ಮಾತ್ರ ಬಿಚ್ಚಿಕೊಂಡು ಮನೆಗೆ ತರ್ತಿದ್ದರು. ವರ್ಷ ಕಳೆದ ಮೇಲೆ ಆ ಊರಿನ ಕಡೆ ಹೋದಾಗ ‘ಕರು ಹಾಕ್ತಾ?’ ಅಂತ ಕೊಟ್ಟಿಗೆಗೆ ಹೋಗಿ ನೋಡಿ ಬರ್ತಿದ್ದರು. ಇದಕ್ಕೆ ಅವರು ‘ಜವಾಬ್ದಾರಿ’ ಅಂತ ಯಾವ ಹೆಸರನ್ನೂ ಇಟ್ಟಿರಲಿಲ್ಲ. ಮಾರೋದು ಅಂದ್ರೆ ಅವರಿಗೆ ಹಾಗೇ.

ಈಗ ನನ್ನ ವಾದ ಹೇಳ್ತೀನಿ. ತಂದ ಮರಿಯನ್ನ ಮಾರೋದು ಪಾಪ ಅಲ್ಲ. ಬೇರೆಯವರಿಗೆ ಕೊಡೋದೂ ಪಾಪ ಅಲ್ಲ. ಆರು ತಿಂಗಳಾದ ಮೇಲೆ ಆ ನಾಯಿ ಎಲ್ಲಿದೆ, ಹೇಗಿದೆ ಅಂತ ನಿಮಗೆ ಹೇಳೋಕೆ ಬರಲಿಲ್ಲ ಅಂದ್ರೆ, ಅದು ಪಾಪ. ಹಣ ತಗೊಂಡ್ರೋ ಇಲ್ಲವೋ ಅನ್ನೋದು ಆಮೇಲಿನ ಮಾತು.

‘ಮಗು ಆಗಿದ್ರೆ ಮಾರ್ತಿದ್ರಾ’ ಅನ್ನೋ ನೀತಿವಂತರಿಗೆ ಮೊದಲು. ನಾಯಿಮರಿ ಮಗು ಅಲ್ಲ. ಮೂರು ತಿಂಗಳ ಮಗುವನ್ನ ಬಾಲ್ಕನಿಯಲ್ಲಿ ಹತ್ತು ಗಂಟೆ ಕೂಡಿ ಹಾಕಿದರೆ ಪೊಲೀಸರು ಬರ್ತಾರೆ. ನಾಯಿಯನ್ನ ಹತ್ತು ವರ್ಷ ಕೂಡಿ ಹಾಕಿದರೂ ‘ಪಾಪ, ನಾಯಿ ಅಂದ್ರೆ ಪ್ರಾಣ ಅವರಿಗೆ’ ಅಂತೀವಿ. ಮರಿಗೆ ಮೂರು ವಾರದಿಂದ ಹೆಚ್ಚುಕಮ್ಮಿ ಹದಿನಾಲ್ಕು ವಾರದವರೆಗೆ ಲೋಕ ಪರಿಚಯವಾಗುವ ಕಾಲ. ಮನುಷ್ಯರು, ಬೇರೆ ನಾಯಿಗಳು, ಆಟೋ ಸದ್ದು, ಮಿಕ್ಸಿ ಸದ್ದು, ಎಲ್ಲ ಆಗಲೇ ಅಭ್ಯಾಸ ಆಗಬೇಕು. ಆ ಕಾಲವನ್ನ ಒಂಟಿಯಾಗಿ ಕಳೆದ ನಾಯಿ ಆಮೇಲೆ ಎಲ್ಲದಕ್ಕೂ ಹೆದರುತ್ತೆ, ಹೆದರಿ ಬೊಗಳುತ್ತೆ, ಕಚ್ಚುತ್ತೆ. ಮೂರು ತಿಂಗಳ ಮರಿಗೆ ಮನೆ ಸಿಗುತ್ತೆ. ಎರಡು ವರ್ಷದ, ಇಪ್ಪತ್ತೆಂಟು ಕೆಜಿಯ, ಕಂಡಕಂಡವರ ಮೇಲೆ ಹಾರುವ ನಾಯಿಗೆ ಯಾರು ಮನೆ ಕೊಡ್ತಾರೆ? ಆಗೋದಿಲ್ಲ ಅಂತ ಗೊತ್ತಾದ ತಕ್ಷಣ ಒಪ್ಪಿಕೊಂಡು ಬೇರೆ ಮನೆ ಹುಡುಕುವವರು, ‘ಅಯ್ಯೋ ಜನ ಏನಂತಾರೆ’ ಅಂತ ಬಾಲ್ಕನಿಗೆ ಕಟ್ಟಿಕೊಂಡಿರುವವರಿಗಿಂತ ಸಾವಿರ ಪಾಲು ಮೇಲು. ನೀವು ಅವರನ್ನ ಬೈದು ಬಾಯಿ ಮುಚ್ಚಿಸಿದರೆ ಮರಿಗೇನೂ ಉಪಕಾರ ಆಗಲ್ಲ. ಅವರು ಸುಳ್ಳು ಹೇಳೋದನ್ನ ಕಲೀತಾರೆ, ಕತ್ತಲಲ್ಲಿ ಸಿಗ್ನಲ್ ಹತ್ತಿರ ಕೊಡೋದನ್ನ ಕಲೀತಾರೆ. ಇನ್ನೂ ಹೇಡಿಗಳು ನೈಸ್ ರೋಡ್ ಪಕ್ಕ ಇಳಿಸಿ ಕಾರು ಓಡಿಸಿಕೊಂಡು ಬರ್ತಾರೆ. ಹಾಗೆ ಬಿಟ್ಟು ಹೋಗೋದಕ್ಕೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ ದಂಡ ಎಷ್ಟು ಗೊತ್ತಾ? ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಮಾಲ್ ಪಾರ್ಕಿಂಗಿಗೆ ಇದಕ್ಕಿಂತ ಹೆಚ್ಚು ಕೊಡ್ತೀವಿ. ಅಂದ ಮೇಲೆ ಕಾನೂನು ನಿಮ್ಮನ್ನ ಕಾಯುತ್ತೆ ಅಂತಾಗಲೀ, ತಡೆಯುತ್ತೆ ಅಂತಾಗಲೀ ನಂಬಬೇಡಿ.

ಈಗ ನನ್ನಂಥವರಿಗೆ. ನಾವು ಹಾಳಾಗೋದು ‘ಕೊಟ್ಟ ದುಡ್ಡು ವಾಪಸ್ ಬರಬೇಕು’ ಅನ್ನೋ ಆಸೆಯಲ್ಲಿ. ಹಳೇ ಫೋನ್ ಮಾರುವಾಗ ಯಾರು ಹೆಚ್ಚು ಕೊಡ್ತಾರೋ ಅವರಿಗೆ ಕೊಡ್ತೀವಿ, ಸರಿಯೇ. ಮರಿಗೆ ಹೆಚ್ಚು ಕೊಡೋರು ಯಾರು, ಒಂದು ನಿಮಿಷ ಯೋಚಿಸಿ. ಲ್ಯಾಬ್ರಡಾರ್ ಹೆಣ್ಣು ನಾಯಿ ಒಂದು ಸೂಲಿಗೆ ಏಳು ಮರಿ ಹಾಕಿದರೆ, ನಾನು ಕೊಟ್ಟ ರೇಟಿನಲ್ಲೇ 98,000 ರೂಪಾಯಿ. ಗರ್ಭ ಒಂಬತ್ತು ವಾರ ಅಷ್ಟೇ. ‘ಹೆಣ್ಣು ತಾನೆ? ಪೇಪರ್ ಇದ್ಯಾ?’ ಅನ್ನೋ ಎರಡು ಪ್ರಶ್ನೆಯ ಹಿಂದೆ ಇರೋದು ಈ ಲೆಕ್ಕ. ಮಕ್ಕಳಿಗೋಸ್ಕರ ಮರಿ ತಗೊಳ್ಳೋರು ಕೇಳೋದೇ ಬೇರೆ. ಕಚ್ಚುತ್ತಾ? ಏನು ತಿನ್ನುತ್ತೆ? ರಾತ್ರಿ ಮಲಗುತ್ತಾ? ಈ ವ್ಯತ್ಯಾಸ ಆ ಶನಿವಾರ ನನಗೆ ಗೊತ್ತಿರಲಿಲ್ಲ ಅಂತ ಹೇಳಿದರೆ ಅದೂ ಸುಳ್ಳಾಗುತ್ತೆ. ಪೆಟ್ಟಿಗೆ ನೋಡಿದಾಗ ಹೊಟ್ಟೆಯಲ್ಲಿ ಏನೋ ಆಗಿತ್ತು. ಆದರೂ ಹಣ ಎಣಿಸಿಕೊಂಡೆ.

ಹಾಗಂತ ‘ಫ್ರೀಯಾಗಿ ಕೊಡ್ತೀನಿ’ ಅಂತ ಹಾಕೋದು ದೊಡ್ಡತನ ಅಂದುಕೊಳ್ಳಬೇಡಿ. ಮರಿ ಹಾಕಿಸಿ ಮಾರುವವನಿಗೆ ಅದಕ್ಕಿಂತ ಒಳ್ಳೇ ಸುದ್ದಿ ಇಲ್ಲ, ಬಂಡವಾಳವೇ ಇಲ್ಲದ ವ್ಯಾಪಾರ. ಸುಮ್ಮನೆ ಆಸೆಪಟ್ಟು ಒಯ್ದು ಹದಿನೈದು ದಿನಕ್ಕೆ ಇನ್ನೊಬ್ಬರಿಗೆ ದಾಟಿಸುವವರಿಗೂ ಅಷ್ಟೇ. ನನ್ನ ಸಲಹೆ ಇದು: ನೀವು ಕೊಟ್ಟ ಹದಿನಾಲ್ಕು ಸಾವಿರವನ್ನ ಬುದ್ಧಿ ಕಲಿತ ಫೀಸು ಅಂತ ಬರೆದುಕೊಳ್ಳಿ. ಮರಿ ಒಯ್ಯುವವರ ಹತ್ತಿರ ಒಂದು ಮೊತ್ತ, ಐದು ಸಾವಿರ ಅನ್ನಿ, ಠೇವಣಿಯಾಗಿ ಇಟ್ಟುಕೊಳ್ಳಿ. ವಯಸ್ಸಿಗೆ ಬಂದ ಮೇಲೆ ಸಂತಾನಹರಣ ಆಪರೇಷನ್ ಮಾಡಿಸಿ, ಡಾಕ್ಟರ ಚೀಟಿ ತೋರಿಸಿದ ದಿನ ಪೂರ್ತಿ ವಾಪಸ್ ಕೊಡಿ. ಸಾಕೋದಕ್ಕೆ ಬಂದವರು ಇದಕ್ಕೆ ಒಪ್ಪುತ್ತಾರೆ. ಬೇರೆ ಲೆಕ್ಕದಲ್ಲಿ ಬಂದವರು ಅಲ್ಲೇ ಎದ್ದು ಹೋಗ್ತಾರೆ. ಅಷ್ಟರಮಟ್ಟಿಗೆ ಐದು ಸಾವಿರ ಜರಡಿ ಹಿಡಿಯುತ್ತೆ.

ಇನ್ನುಳಿದಿದ್ದು ದೊಡ್ಡ ವಿದ್ಯೆಯೇನಲ್ಲ. ಜಾಹೀರಾತಿನಲ್ಲಿ ನಿಜ ಬರೆಯಿರಿ. ‘ಇಬ್ಬರೂ ಕೆಲಸಕ್ಕೆ ಹೋಗ್ತೀವಿ, ಮರಿ ಒಂಟಿಯಾಗಿ ಅಳುತ್ತೆ, ಹಗಲು ಮನೆಯಲ್ಲಿ ಜನ ಇರೋ ಕಡೆ ಬೇಕು’ ಅಂತ ಬರೆದರೆ ನಮ್ಮ ಹಾಗೇ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯವರು ತಾವಾಗೇ ಸುಮ್ಮನಾಗ್ತಾರೆ. ನೀವು ಸುಳ್ಳು ಕಾರಣ ಕೊಟ್ಟರೆ ಮರಿ ಇನ್ನೊಂದು ಅಂಥದ್ದೇ ಬಾಗಿಲ ಹಿಂದೆ ಹೋಗಿ ಕೂರುತ್ತೆ. ಗೊತ್ತಿರುವವರಲ್ಲಿ ಮೊದಲು ಕೇಳಿ, ನಿಮ್ಮ ಪಶುವೈದ್ಯರ ಹತ್ತಿರ ಹೇಳಿಡಿ. ಮುಪ್ಪಾಗಿ ನಾಯಿ ತೀರಿಕೊಂಡು ಇನ್ನೊಂದು ಹುಡುಕುತ್ತಿರುವ ಮನೆಗಳು ಅವರಿಗೆ ಗೊತ್ತಿರುತ್ತವೆ. ಕೊಡುವ ಮುಂಚೆ ಅವರ ಮನೆಗೆ ಹೋಗಿ. ಕಾಫಿ ಕೊಟ್ಟರೆ ಕುಡಿಯಿರಿ, ಸುತ್ತ ನೋಡಿ. ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ ಇದೆಯಾ, ಬಾಡಿಗೆ ಮನೆಯಾದರೆ ಓನರ್‌ಗೆ ಗೊತ್ತಾ, ಹಗಲಲ್ಲಿ ಯಾರಿರ್ತಾರೆ, ಕೇಳಿ. ಮದುವೆ ಮಾತುಕತೆಯಲ್ಲಿ ಇದರ ಹತ್ತರಷ್ಟು ಕೇಳ್ತೀವಿ, ಇಲ್ಲಿ ಸಂಕೋಚ ಯಾಕೆ?

ಲಸಿಕೆ ಪುಸ್ತಕ ಮರಿಯ ಜೊತೆಗೇ ಹೋಗಲಿ. ಮರಿಗಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಲಸಿಕೆ ಕೊಡುತ್ತಾ ಹದಿನಾರು ವಾರದ ಹೊತ್ತಿಗೆ ಸುತ್ತು ಮುಗಿಸ್ತಾರೆ. ಅರ್ಧಕ್ಕೆ ನಿಂತರೆ ಪಾರ್ವೊ ಬಂದು ವಾಂತಿ ಭೇದಿಯಲ್ಲಿ ಎರಡು ಮೂರು ದಿನಕ್ಕೆ ಮರಿ ಹೋಗಿಬಿಡಬಹುದು. ಯಾವ ಲಸಿಕೆ ಆಗಿದೆ, ಯಾವುದು ಬಾಕಿ, ಜಂತುಹುಳದ ಔಷಧಿ ಯಾವತ್ತು ಕೊಟ್ಟಿದ್ದು ಅಂತ ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ. ಈಗ ತಿನ್ನುತ್ತಿರುವ ಆಹಾರವನ್ನೇ ಒಂದು ವಾರಕ್ಕಾಗುವಷ್ಟು ಕಟ್ಟಿಕೊಡಿ, ಏಕಾಏಕಿ ಊಟ ಬದಲಾದರೆ ಹೊಟ್ಟೆ ಕೆಡುತ್ತೆ. ಮಲಗುತ್ತಿದ್ದ ಹಳೇ ಬೆಡ್‌ಶೀಟನ್ನ ತೊಳೆಯದೆ ಹಾಗೇ ಕೊಡಿ, ವಾಸನೆಗೆ ಸಮಾಧಾನ ಆಗುತ್ತೆ. ಕೆನಲ್ ಕ್ಲಬ್ ಪೇಪರ್, ಮೈಕ್ರೋಚಿಪ್ ಇದ್ದರೆ ಮಾಲೀಕರ ಹೆಸರು ಬದಲಾಯಿಸಿ. ಇಲ್ಲದಿದ್ದರೆ ನಾಳೆ ನಾಯಿ ಕಳೆದುಹೋದಾಗ ಫೋನ್ ಬರೋದು ನಿಮಗೆ.

ಕೊನೆಯದಾಗಿ, ಇದೇ ಮುಖ್ಯ: ‘ನಿಮಗೆ ಆಗಲಿಲ್ಲ ಅಂದ್ರೆ ಬೇರೆಯವರಿಗೆ ಕೊಡಬೇಡಿ, ನನಗೇ ವಾಪಸ್ ಕೊಡಿ’ ಅಂತ ಒಂದು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿ. ಕೋರ್ಟಿನಲ್ಲಿ ಅದಕ್ಕೆ ಎಷ್ಟು ಬೆಲೆ ಅನ್ನೋದು ಬೇರೆ ಮಾತು. ಬರೆಯುವಾಗ ನಿಮ್ಮ ಕೈ ನಡುಗುತ್ತಲ್ಲ, ಬೆಲೆ ಇರೋದು ಅದಕ್ಕೆ. ವಾಪಸ್ ಬಂದರೆ ಇನ್ನೊಂದು ಮನೆ ಸಿಗುವವರೆಗೆ ಇಟ್ಟುಕೊಳ್ಳಬೇಕು. ಅಷ್ಟಕ್ಕೂ ತಯಾರಿಲ್ಲದವರು ತರೋದಕ್ಕೂ ಅರ್ಹರಲ್ಲ, ಕೊಡೋದಕ್ಕೂ ಅರ್ಹರಲ್ಲ.

‘ಗುರೂ, ಇಷ್ಟೆಲ್ಲ ಮಾಡೋಕೆ ಟೈಮ್ ಎಲ್ಲಿದೆ? ಟೈಮ್ ಇಲ್ಲ ಅಂತಾನೇ ತಾನೆ ಕೊಡ್ತಿರೋದು’ ಅಂತ ಆಫೀಸಿನ ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕಿ. ನಾಲ್ಕು ಮನೆಗೆ ಹೋಗಿ ಬರೋಕೆ ಎರಡು ಶನಿವಾರ. ಅಷ್ಟು ದಿನ ಮರಿಗೆ ಹಗಲಲ್ಲಿ ಯಾರಾದರೂ ಬಂದು ನೋಡಿಕೊಳ್ಳುವ ವ್ಯವಸ್ಥೆಗೆ ಒಂದಷ್ಟು ಸಾವಿರ. ವಾರಾಂತ್ಯಕ್ಕೆ ಚಿಕ್ಕಮಗಳೂರಿಗೆ ಹೋಗಿ ಬಂದರೆ ಇದಕ್ಕಿಂತ ಹೆಚ್ಚಾಗುತ್ತೆ. ಹನ್ನೆರಡು ವರ್ಷ ಕೊಡೋಕೆ ಆಗದವನು ಹದಿನೈದು ದಿನ ಕೊಡಬಹುದು. ನಾನೂ ಕೊಡಬಹುದಿತ್ತು. ಆ ಮರಿಗೆ ನಾನು ಬಾಕಿ ಉಳಿಸಿಕೊಂಡಿದ್ದು ಹದಿನೈದು ದಿನ.

ಆ ಒಂಬತ್ತು ಸಾವಿರ ನನ್ನ ಹತ್ತಿರ ಉಳಿಯಲಿಲ್ಲ. ಬೀದಿನಾಯಿಗಳಿಗೆ ಚಿಕಿತ್ಸೆ ಕೊಡುವ ಒಂದು ಕಡೆ ಕೊಟ್ಟೆ. ಹಾಗೆ ಕೊಟ್ಟಿದ್ದರಿಂದ ಏನೂ ಸರಿಹೋಗಲಿಲ್ಲ, ಅದನ್ನ ಹೇಳಿಕೊಂಡು ಪುಣ್ಯ ಕಟ್ಟಿಕೊಳ್ಳೋಕೂ ನಾನು ಬರೆಯುತ್ತಿಲ್ಲ. ಆತನ ನಂಬರ್ ಇನ್ನೂ ಫೋನಿನಲ್ಲಿದೆ. ಎರಡು ಮೂರು ತಿಂಗಳಿಗೊಮ್ಮೆ ಒತ್ತಿ ನೋಡ್ತೀನಿ. ಆತ ಒಳ್ಳೆಯವನೇ ಇರಬಹುದು, ನಂಬರ್ ಬದಲಾಯಿಸಿರಬಹುದು, ಗೋಧಿ ನಾಗರಬಾವಿಯ ಯಾವುದೋ ಮನೆಯ ಸೋಫಾ ಕಿತ್ತು ಹಾಕಿಕೊಂಡು ಸುಖವಾಗಿ ಇರಬಹುದು. ಎಲ್ಲೋ ಶೆಡ್ಡಿನಲ್ಲಿ ಎರಡನೇ ಸೂಲಿಗೆ ಕಾಯುತ್ತಾನೂ ಇರಬಹುದು.

ಹೋದ ಹಬ್ಬಕ್ಕೆ ಊರಿಗೆ ಹೋದಾಗ ಕೊಟ್ಟಿಗೆಯ ಗೂಟಕ್ಕೆ ನೇತು ಹಾಕಿದ್ದ ಹಳೇ ಹಗ್ಗಗಳನ್ನ ಅಪ್ಪನಿಗೆ ತೋರಿಸಿ ಯಾವ್ಯಾವುದು ಅಂತ ಕೇಳಿದೆ. ಒಂದೊಂದನ್ನೇ ಮುಟ್ಟಿ, ಯಾವ ಹಸು, ಯಾರಿಗೆ ಕೊಟ್ಟಿದ್ದು, ಎಷ್ಟು ಕರು ಹಾಕ್ತು ಅಂತ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಏನೂ ಕೇಳಲಿಲ್ಲ.